ಮಲಗಿ ಏಳುತ್ತಿದ್ದ ಅಣೆಕಟ್ಟು

ಅಮೆರಿಕದ ಒಹಾಯೊ ನದಿಯ ಡೇವಿಸ್ ಐಲ್ಯಾಂಡ್ ಲಾಕ್ (ಅಣೆಕಟ್ಟಿನ ಪಕ್ಕದಲ್ಲಿ ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸೋ ಬಾಗಿಲುಗಳ ಕೋಣೆ) ಬಗ್ಗೆ ಲೇಖನ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ 110 ಅಡಿ ಅಗಲ, 600 ಅಡಿ ಉದ್ದ ಅಂತ ಲಾಕ್‌ನ ಅಳತೆ ಕೊಟ್ಟು ಅಣೆಕಟ್ಟನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ. ನಿಜವಾದ ಸೊಗಸು ಇರೋದೇ ಅಲ್ಲಿ! ಅದು ಗೋಡೆಯಲ್ಲ, ಸಾಲಾಗಿ ನಿಲ್ಲಿಸಿದ ಮರದ ಹಲಗೆಗಳು. ಪ್ರತಿ ಹಲಗೆಯ ಬೆನ್ನಿಗೂ ಕಬ್ಬಿಣದ ಊರುಗೋಲು. ನೀರು ಇಳಿದಾಗ ದೋಣಿಯಲ್ಲಿ ಹೋಗಿ ಒಂದೊಂದನ್ನೇ ಎತ್ತಿ ನಿಲ್ಲಿಸೋರು; ಹೊಳೆ ತುಂಬಿದರೆ ತಳಕ್ಕೆ ಮಲಗಿಸಿಬಿಡೋರು. ಆಗ ಕಲ್ಲಿದ್ದಲು ಹೊತ್ತ ಬಾರ್ಜ್‌ಗಳು (ಚಪ್ಪಟೆ ತಳದ ಸರಕು ದೋಣಿಗಳು) ಲಾಕ್‌ಗೆ ಕಾಯದೆ ಮಲಗಿದ ಹಲಗೆಗಳ ಮೇಲೇ ಸಾಗಿಹೋಗುತ್ತಿದ್ದವು. ಲಾಕ್ ಕಟ್ಟಿದರೆ ತಡವಾಗುತ್ತೆ ಅಂತ ವಿರೋಧಿಸಿದ್ದ ಪಿಟ್ಸ್‌ಬರ್ಗ್‌ನ ಕಲ್ಲಿದ್ದಲು ವ್ಯಾಪಾರಿಗಳಿಗೆ ಇಂಜಿನಿಯರ್ ವಿಲಿಯಂ ಮೆರಿಲ್ ಕೊಟ್ಟ ಉತ್ತರ ಇದು. ಫ್ರಾನ್ಸಿನ ಶಾನ್ವಾನ್ ರೂಪಿಸಿದ ಈ ವಿಧಾನವನ್ನು 1885ರಲ್ಲಿ ಅಷ್ಟು ದೊಡ್ಡ ನದಿಗೆ ಒಗ್ಗಿಸಿದ ಅವರ ಧೈರ್ಯ ದೊಡ್ಡದು. ದಯವಿಟ್ಟು ಆ ಹಲಗೆಗಳ ಒಂದು ಚಿತ್ರವನ್ನಾದರೂ ಲೇಖನಕ್ಕೆ ಸೇರಿಸಿ.