ಕನ್ನಡದ ಓದಿಗೆ ಇ-ಪುಸ್ತಕವೇ ಮೊದಲ ಆಯ್ಕೆಯಾಗಬೇಕೇ?

ಪರ: ಪುಸ್ತಕ ಓದುಗರ ಕಣ್ಣಿಗೂ ಊರಿಗೂ ತಲುಪಬೇಕು

ನನ್ನ ತಂದೆಯವರಿಗೆ ಈಗ 79 ವರ್ಷ. ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ಅವರು, ಅಕ್ಷಿಪಟಲದ ತೊಂದರೆ ಕಾಣಿಸಿಕೊಂಡ ಮೇಲೆ ಸುಮಾರು ಎರಡು ವರ್ಷ ಪುಸ್ತಕ ಹಿಡಿಯಲೇ ಇಲ್ಲ. ಕನ್ನಡಕ ಬದಲಿಸಿದ್ದಾಯಿತು, ಭೂತಗನ್ನಡಿ ತಂದುಕೊಟ್ಟದ್ದೂ ಆಯಿತು. ಮೂಲಾಕ್ಷರಗಳು ಹೇಗೋ ಕಂಡರೂ ಒತ್ತಕ್ಷರಗಳು ಕಾಣುತ್ತಿರಲಿಲ್ಲ. ನಮ್ಮ ಲಿಪಿಯ ಸ್ವಭಾವವೇ ಹಾಗೆ: ಡೆಮಿ ಅಳತೆಯ ಪುಸ್ತಕದಲ್ಲಿ ಅಕ್ಷರದ ಗಾತ್ರ 11 ಅಥವಾ 12 ಪಾಯಿಂಟ್ ಇದ್ದರೆ ಅದರ ಕೆಳಗೆ ಕೂರುವ ಒತ್ತು ಅದಕ್ಕಿಂತ ಬಹಳ ಚಿಕ್ಕದಾಗುತ್ತದೆ, ‘ಶಾಸ್ತ್ರ’ ಎಂಬಲ್ಲಿ ತಕಾರದ ಒತ್ತು, ರಕಾರದ ಒತ್ತು ಎರಡೂ ಒಂದೇ ಸಕಾರದ ಬುಡದಲ್ಲಿ ಇರುಕಿಕೊಳ್ಳಬೇಕು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಟ್ಯಾಬ್‌ನಲ್ಲಿ ಒಂದು ಕಾದಂಬರಿಯನ್ನು ತೆರೆದು, ಪರದೆಗೆ ಎಂಟೇ ಸಾಲು ಹಿಡಿಸುವಷ್ಟು ಅಕ್ಷರ ದೊಡ್ಡದು ಮಾಡಿ ಅವರ ಕೈಗಿತ್ತೆ. ಅವರು ಮೊದಲು ಕತೆಯನ್ನು ಓದಲಿಲ್ಲ. ಬೆರಳಿಟ್ಟು ಒತ್ತಕ್ಷರಗಳನ್ನೇ ಒಂದೊಂದಾಗಿ ಹುಡುಕಿ ನೋಡಿದರು. ರಾತ್ರಿ ಊಟಕ್ಕೆ ಕರೆದಾಗ, ‘ಈ ಅಧ್ಯಾಯ ಮುಗಿಸಿ ಬರ್ತೀನಿ, ನೀವು ಕೂತ್ಕೊಳ್ಳಿ’ ಎಂದರು.

ಆ ಒಂದು ರಾತ್ರಿ ಸಾಕಿತ್ತು ನನಗೆ. ಆದರೆ ನನ್ನ ವಾದ ಅಷ್ಟಕ್ಕೇ ನಿಲ್ಲುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಾಲದಿಂದಲೂ ಕನ್ನಡದಲ್ಲಿ ಬರೆಯುವವರಿಗೆ ಕೊರತೆಯಾಗಲಿಲ್ಲ. ಬರೆದದ್ದನ್ನು ಓದುವವರ ಮನೆ ಬಾಗಿಲಿಗೆ ಮುಟ್ಟಿಸುವುದೇ ಕಷ್ಟವಾಯಿತು. ಜಿಲ್ಲಾ ಕೇಂದ್ರಗಳಲ್ಲಿಯೂ ಒಳ್ಳೆಯ ಪುಸ್ತಕದಂಗಡಿಗಳು ಬೆರಳೆಣಿಕೆಯಷ್ಟು. 1975ರಲ್ಲಿ ಶುರುವಾಗಿ ಕರಾವಳಿಯ ಓದುಗರ ಎರಡು ತಲೆಮಾರಿಗೆ ಆಸರೆಯಾಗಿದ್ದ ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿದಾಗ, ಅದರ ಜಾಗ ತುಂಬುವಂಥ ಇನ್ನೊಂದು ಅಂಗಡಿ ಹುಟ್ಟಲಿಲ್ಲವೆಂದೇ ನನ್ನ ಭಾವನೆ. ರಾಜ್ಯದ ಹೊರಗಿರುವವರ ಪಾಡು ಇನ್ನೂ ಕಷ್ಟದ್ದು. ನಾನಿರುವ ಪುಣೆಗೆ ಹೊಸ ಕನ್ನಡ ಪುಸ್ತಕ ಬರಬೇಕಾದರೆ ಅಂಚೆಯನ್ನೋ ಕೊರಿಯರನ್ನೋ ನೆಚ್ಚಬೇಕು. ಮುದ್ರಿತ ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ ಮೇಲೆ, ತೆಳ್ಳನೆಯ ಕವನ ಸಂಕಲನವೊಂದನ್ನು ತರಿಸಿಕೊಳ್ಳುವಾಗ ಪುಸ್ತಕದ ಬೆಲೆಗೆ ಸರಿಸಮನಾಗಿ ಸಾಗಣೆಯ ವೆಚ್ಚ ಕೊಟ್ಟದ್ದೂ ಇದೆ. ಮಸ್ಕತ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡಿಗರ ಲೆಕ್ಕವನ್ನು ಬೇರೆ ಹೇಳಬೇಕಾಗಿಲ್ಲ. ಇ-ಪುಸ್ತಕವಾದರೆ ಧಾರವಾಡದಲ್ಲಿ ಬಿಡುಗಡೆಯಾದ ದಿನವೇ ಇವರೆಲ್ಲರ ಕೈಯಲ್ಲಿರುತ್ತದೆ.

ಇನ್ನು ‘ಪ್ರತಿಗಳು ಮುಗಿದಿವೆ’ ಎಂಬ ಉತ್ತರ. ಕನ್ನಡದಲ್ಲಿ ಮೊದಲ ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಈಚೆಗೆ ಐನೂರು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅವು ಖರ್ಚಾದ ಮೇಲೆ ಹತ್ತಿಪ್ಪತ್ತು ಜನ ಕೇಳಿದರೆಂದು ಯಾವ ಪ್ರಕಾಶಕರೂ ಮರುಮುದ್ರಣದ ಸಾಹಸಕ್ಕೆ ಇಳಿಯುವುದಿಲ್ಲ. ಕಾಗದದ ಬೆಲೆ ನೋಡಿದರೆ ಅವರನ್ನು ದೂರುವಂತೆಯೂ ಇಲ್ಲ. ಹೀಗೆ ಮುಗಿದುಹೋದ ಒಳ್ಳೆಯ ಪುಸ್ತಕಗಳನ್ನು ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕದ್ದು ಕಡಿಮೆ. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯವು ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಮಾತ್ರ ಉಳಿಯುತ್ತದೆ. ಆ ಪ್ರಕಾರ 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಬರಹಗಳು ಎಂದೋ ಸಾರ್ವಜನಿಕರ ಸ್ವತ್ತಾಗಿವೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹಗಳು 2024ರ ಜನವರಿಯಿಂದ ಮುಕ್ತವಾಗಿವೆ. ಇವನ್ನೆಲ್ಲ ಶುದ್ಧ ಪಾಠದ ಇ-ಪುಸ್ತಕಗಳಾಗಿ ಕೊಡಲು ಈಗ ಯಾರ ಅಪ್ಪಣೆಯೂ ಬೇಕಿಲ್ಲ, ಗೋದಾಮೂ ಬೇಕಿಲ್ಲ.

ಹುಡುಕುವ ಅನುಕೂಲವನ್ನು ಕಣ್ಣಾರೆ ನೋಡಬೇಕೆನ್ನುವವರು ವಚನ ಸಂಚಯ ಜಾಲತಾಣದಲ್ಲಿ ‘ಕಾಯಕ’ ಎಂದು ಬರೆದು ನೋಡಬೇಕು. ಸರ್ಕಾರ 15 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ವಚನ ರಾಶಿಯಲ್ಲಿ ಒಂದು ಪದದ ಜಾಡು ಹಿಡಿಯಲು ಹಿಂದೆ ವಿದ್ವಾಂಸರಿಗೆ ತಿಂಗಳುಗಳು ಬೇಕಾಗುತ್ತಿದ್ದವು. ಈಗ ಯಾವ ಯಾವ ವಚನಕಾರರು ಆ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ನಿಮಿಷದೊಳಗೆ ಎದುರಿಗೆ ಬರುತ್ತದೆ.

ಪರದೆಯ ಮೇಲಿನ ಓದು ಆಳಕ್ಕಿಳಿಯುವುದಿಲ್ಲ ಎಂಬ ಆಕ್ಷೇಪವಿದೆ. ಈ ಬಗ್ಗೆ ಹೆಚ್ಚು ಉಲ್ಲೇಖಗೊಳ್ಳುವುದು 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ. ಅದು ಮುದ್ರಿತ ಪಾಠದ ಮೇಲುಗೈಯನ್ನು ಗುರುತಿಸಿದ್ದು ಮಾಹಿತಿ ಪ್ರಧಾನ ಬರಹಗಳಲ್ಲಿ. ಕಥನವನ್ನಷ್ಟೇ ಓದಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಕತೆ, ಕಾದಂಬರಿ, ಆತ್ಮಕಥೆಗಳನ್ನೇ ಹೆಚ್ಚಾಗಿ ಓದುವ ಕನ್ನಡಿಗರು ಇದಕ್ಕೆ ಅಂಜಬೇಕಾಗಿಲ್ಲ. ಕಣ್ಣು ನೋಯುತ್ತದೆ ಎನ್ನುವವರಿಗೆ ಇ-ಇಂಕ್ ಪರದೆಗಳಿವೆ. ಅವು ಫೋನಿನಂತೆ ಕಣ್ಣಿಗೆ ಬೆಳಕು ಚೆಲ್ಲದೆ ಕಾಗದದಂತೆ ಹೊರಗಿನ ಬೆಳಕಿನಲ್ಲೇ ಓದಿಸಿಕೊಳ್ಳುತ್ತವೆ.

ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಇ-ಪುಸ್ತಕ ಓದುವ ತನ್ನ ಸಾಧನವಾದ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳನ್ನು ಸೇರಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ. ಆದರೆ 2020ರಲ್ಲಿ ಕನ್ನಡಿಗರೇ ಮೈಲ್ಯಾಂಗ್ ಬುಕ್ಸ್‌ನಂಥ ವೇದಿಕೆಯನ್ನು ಕಟ್ಟಿದರು. ಇಂಥ ವೇದಿಕೆಗಳು ಉಳಿಯುವುದೂ ಬೆಳೆಯುವುದೂ ಕೊಳ್ಳುವವರಿಂದಲೇ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕದ ಮೇಲಿನ ತೆರಿಗೆಯನ್ನು 2018ರಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿಸಿದಾಗಲೂ ಮುದ್ರಿತ ಪ್ರತಿಯಿರುವ ಪುಸ್ತಕಗಳಿಗಷ್ಟೇ ಆ ರಿಯಾಯಿತಿ ದೊರೆಯಿತು. ಒಳಗಿನ ಅಕ್ಷರ ಒಂದೇ ಆಗಿರುವಾಗ ಈ ಭೇದ ಅನ್ಯಾಯವೆಂದು ನಾನು ಖಚಿತವಾಗಿ ಹೇಳುತ್ತೇನೆ. ಅದನ್ನು ತೆಗೆಸುವ ಬಲವೂ ಇ-ಪುಸ್ತಕದ ಓದುಗರ ಸಂಖ್ಯೆ ಹೆಚ್ಚಿದಾಗಲೇ ಬರುತ್ತದೆ.

ವಿರೋಧ: ಕೊಂಡದ್ದು ನಮ್ಮದಾಗಿರಬೇಕು, ಕೈಯಿಂದ ಕೈಗೆ ಹೋಗಬೇಕು

ಕಳೆದ 22 ವರ್ಷಗಳಿಂದ ನಾನು ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಈಚಿನ ಆರೇಳು ವರ್ಷಗಳಲ್ಲಿ ಇ-ಪುಸ್ತಕಗಳ ಕರಡನ್ನೂ ತಿದ್ದಿದ್ದೇನೆ. ಹಿರಿಯರ ಕಣ್ಣಿಗೆ ದೊಡ್ಡ ಅಕ್ಷರ ವರವಾಗಿದೆ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಇಡೀ ಕನ್ನಡ ಓದುಗ ಸಮುದಾಯ ಇ-ಪುಸ್ತಕವನ್ನೇ ಮೊದಲ ಆಯ್ಕೆಯಾಗಿ ಮಾಡಿಕೊಳ್ಳಬೇಕೆಂದರೆ ಒಪ್ಪಲಾರೆ, ಏಕೆಂದರೆ ಕನ್ನಡದ ಪುಟ ಪರದೆಗೆ ಹೋಗುವ ದಾರಿಯಲ್ಲಿ ಏನೇನು ಕಳೆದುಕೊಳ್ಳುತ್ತದೆ ಎಂಬುದನ್ನು ದಿನವೂ ನೋಡುತ್ತಿದ್ದೇನೆ.

2000ದ ಆಸುಪಾಸಿನಿಂದ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ, ಸಿದ್ಧವಾದ ನಮ್ಮ ಪುಸ್ತಕಗಳ ಕಡತಗಳು ಬಹುಪಾಲು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವುಗಳಲ್ಲಿ ಅಕ್ಷರವೆಂದರೆ ತಲೆಕಟ್ಟು, ಗುಣಿತ, ಒತ್ತುಗಳ ಚಿತ್ರತುಣುಕುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು. ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ ವ್ಯವಸ್ಥೆಯಾದ ಯುನಿಕೋಡ್‌ಗೆ ಪರಿವರ್ತಿಸುವಾಗ ತಂತ್ರಾಂಶವು ಈ ತುಣುಕುಗಳ ಕ್ರಮವನ್ನು ಊಹಿಸಿ ಮರುಜೋಡಣೆ ಮಾಡಬೇಕು. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ನಂತರ ಕಂಡರೂ ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ. ಎಷ್ಟೋ ಮಂದಿ ಅಕ್ಷರ ಜೋಡಿಸುವವರು ಅದರ ಜಾಗದಲ್ಲಿ ಕನ್ನಡದ ಒಂಬತ್ತನೆಯ ಅಂಕಿಯನ್ನೇ ಒತ್ತಿಬಿಟ್ಟಿದ್ದಾರೆ. ಕಣ್ಣಿಗೆ ‘ಸೂಯ೯’ ಸರಿಯಾಗಿಯೇ ಕಾಣುತ್ತದೆ, ಆದರೆ ‘ಸೂರ್ಯ’ ಎಂದು ಹುಡುಕಿದರೆ ಆ ಪುಸ್ತಕದಲ್ಲಿ ಸೂರ್ಯನೇ ಇಲ್ಲ. ಕಳೆದ ತಿಂಗಳು 240 ಪುಟಗಳ ಒಂದು ಪುಸ್ತಕದಲ್ಲಿ ಇಂಥ ಅಂಕಿಗಳನ್ನು ತೆಗೆದು ಅರ್ಕಾವೊತ್ತು ಕೂರಿಸಲು ನನಗೆ ನಾಲ್ಕು ದಿನ ಹಿಡಿಯಿತು. ಹೀಗೆ ತಿದ್ದಿಸುವಷ್ಟು ತಾಳ್ಮೆಯೂ ಹಣವೂ ಎಲ್ಲ ಪ್ರಕಾಶಕರಿಗೆ ಇರುವುದಿಲ್ಲ. ಹಳಗನ್ನಡದ ಱ, ೞ ಅಕ್ಷರಗಳಿಲ್ಲದ ಫಾಂಟು ಓದುಗರ ಸಾಧನದಲ್ಲಿದ್ದರೆ ಆ ಜಾಗದಲ್ಲಿ ಬರಿಯ ಚೌಕ ಕಾಣುತ್ತದೆ. ವಚನ ಸಂಚಯದಂಥ ಕೆಲಸ ಅಷ್ಟು ಚೆನ್ನಾಗಿ ಆಗಿದ್ದರೆ, ಅದರ ಹಿಂದೆ ಪಠ್ಯವನ್ನು ಕೂತು ಶುದ್ಧಗೊಳಿಸಿದವರ ಶ್ರಮವಿದೆ. ಮಾರಾಟಕ್ಕಿರುವ ಸಾಮಾನ್ಯ ಇ-ಪುಸ್ತಕಗಳಿಗೆ ಅಂಥ ಭಾಗ್ಯವಿಲ್ಲ.

ಕಾವ್ಯದ ಮಾತು ಬಂದರೆ ಅಕ್ಷರ ದೊಡ್ಡದು ಮಾಡುವ ಸೌಲಭ್ಯವೇ ತೊಡಕಾಗುತ್ತದೆ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರನೆಯದಕ್ಕೂ ಆರನೆಯದಕ್ಕೂ 23. ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಮತ್ತೆ ಎರಡು ಗಿಡ್ಡ, ಒಂದು ಉದ್ದ ಎಂಬ ಈ ಆಕಾರವನ್ನು ಕಣ್ಣು ಹಿಡಿದಾಗಲೇ ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಯ ಉಸಿರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂಬುದು ಹೊಸಬರಿಗೂ ತಿಳಿಯುತ್ತದೆ. ಫೋನಿನ ಪರದೆಯಲ್ಲಿ ಉದ್ದದ ಸಾಲು ನಡುವೆ ಮುರಿದು ಕೆಳಗೆ ಬೀಳುತ್ತದೆ. ಆರು ಸಾಲಿನ ಪದ್ಯ ಎಂಟೋ ಒಂಬತ್ತೋ ಸಾಲಾಗಿ ನಿಂತು, ಪದ್ಯವೋ ಗದ್ಯವೋ ತಿಳಿಯದಂತಾಗುತ್ತದೆ. ಪಿಡಿಎಫ್‌ನಲ್ಲಿ ಸಾಲು ಮುರಿಯುವುದಿಲ್ಲ, ನಿಜ. ಆದರೆ ಅಲ್ಲಿ ಹಿಗ್ಗಿಸಿದಷ್ಟೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಿರಬೇಕು. ಮುದ್ರಿತ ಪುಟದಲ್ಲಿ ಇದನ್ನೆಲ್ಲ ಒಮ್ಮೆ ಸರಿಯಾಗಿ ಜೋಡಿಸಿದರೆ ಮುಗಿಯಿತು, ಓದುವವರೆಲ್ಲರಿಗೂ ಪದ್ಯ ಒಂದೇ ರೂಪದಲ್ಲಿ ಸಿಗುತ್ತದೆ.

2018ರ ಸಮೀಕ್ಷೆಯ ಬಗ್ಗೆ ಒಂದು ಮಾತು. 1 ಲಕ್ಷ 70 ಸಾವಿರಕ್ಕೂ ಹೆಚ್ಚು ಓದುಗರನ್ನು ಒಳಗೊಂಡ ಆ ಸಮೀಕ್ಷೆ ಇನ್ನೂ ಒಂದು ಸಂಗತಿಯನ್ನು ಹೇಳಿದೆ: ಪರದೆಯ ಬಳಕೆ ಹೆಚ್ಚುತ್ತ ಬಂದ ವರ್ಷಗಳಲ್ಲಿ ಮುದ್ರಿತ ಓದಿಗೂ ಪರದೆಯ ಓದಿಗೂ ನಡುವಿನ ಅಂತರ ಕಡಿಮೆಯಾಗುವ ಬದಲು ಹೆಚ್ಚಿದೆ, ಹೊತ್ತು ಗೊತ್ತುಮಾಡಿ ಓದಿಸಿದಾಗ ಇನ್ನಷ್ಟು ಎದ್ದು ಕಂಡಿದೆ. ಹೊತ್ತು ಗೊತ್ತುಮಾಡಿಯೇ ಓದಬೇಕಾದವರು ನಮ್ಮ ವಿದ್ಯಾರ್ಥಿಗಳು. ತರಗತಿಗಳಿಗೆ ಪರದೆಯನ್ನು ಬಹಳ ಬೇಗ ತಂದ ದೇಶಗಳಲ್ಲಿ ಒಂದಾದ ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗಾಗಿ ಮತ್ತೆ ಹಣ ತೆಗೆದಿರಿಸಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಒಡೆತನದ ಪ್ರಶ್ನೆ. ಇ-ಪುಸ್ತಕಕ್ಕೆ ಹಣ ಕೊಟ್ಟಾಗ ನಮಗೆ ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕುಸ್ವಾಮ್ಯದ ತಕರಾರು ಬಂತೆಂದು, ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ ಗ್ರಾಹಕರಿಗೆ ಹಣ ಮರಳಿತು, ಪುಸ್ತಕಗಳು ಉಳಿಯಲಿಲ್ಲ. ಕೊಂಡ ಪುಸ್ತಕದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕಿಂಡಲ್‌ಗೆ ಹಾಕಿಕೊಳ್ಳುವ ದಾರಿಯನ್ನೂ ಅಮೆಜಾನ್ 2025ರ ಫೆಬ್ರುವರಿಯಲ್ಲಿ ಮುಚ್ಚಿತು. ಅಷ್ಟು ದೊಡ್ಡ ಕಂಪನಿಗಳ ಕತೆ ಹೀಗಿರುವಾಗ, ಕಡಿಮೆ ಬಂಡವಾಳದಲ್ಲಿ ನಡೆಯುವ ನಮ್ಮ ಕನ್ನಡದ ವೇದಿಕೆಗಳ ಮೇಲೆ ಎಷ್ಟು ಭಾರ ಹಾಕುವುದು? ಒಂದು ಆ್ಯಪ್‌ನಲ್ಲಿ ನಾನೇ ಹಣ ಕೊಟ್ಟು ಕೊಂಡಿದ್ದ 14 ಕನ್ನಡ ಇ-ಪುಸ್ತಕಗಳು, ಆ ಆ್ಯಪ್ ನಿಂತುಹೋದ ಮೇಲೆ, ನನ್ನ ಟಿಪ್ಪಣಿಗಳ ಸಮೇತ ಇಲ್ಲವಾದವು. ಅದೇ ವರ್ಷ ಕೊಂಡ ಮುದ್ರಿತ ಪುಸ್ತಕಗಳು, ಎರಡನ್ನು ಗೆದ್ದಲು ಹಿಡಿದದ್ದು ಬಿಟ್ಟರೆ, ಕಪಾಟಿನಲ್ಲಿ ಇವೆ. ಅವುಗಳಲ್ಲಿ ಅರ್ಧದಷ್ಟು ನೆರೆಮನೆಗೋ ನೆಂಟರ ಮನೆಗೋ ಹೋಗಿ ಬಂದಿವೆ.

ಹೀಗೆ ಹೋಗಿ ಬರುವುದರಲ್ಲಿಯೇ ಕನ್ನಡದ ಓದು ಬೆಳೆದದ್ದು. ಒಬ್ಬರು ಕೊಂಡ ಪುಸ್ತಕವನ್ನು ಕೇರಿಯೆಲ್ಲ ಓದುತ್ತಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿ ವಾರಕ್ಕೊಂದು ಮನೆ ಸುತ್ತುತ್ತಿತ್ತು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಇದೇ ಕೆಲಸವನ್ನು ಮಕ್ಕಳಿಗಾಗಿ ಮಾಡುತ್ತಿವೆ. ನಮ್ಮ ತಾಲ್ಲೂಕಿನ ಅಂಥ ಒಂದು ಕೇಂದ್ರಕ್ಕೆ ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಅಲ್ಲಿಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿರುವುದು ಒಂದೇ ಫೋನು, ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಅವರ ಪಾಲಿಗೆ ಪುಸ್ತಕವೆಂದರೆ ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುವ ವಸ್ತು. ಕಳೆದ ಬಾರಿ ಹೋದಾಗ, ರಟ್ಟು ಕಿತ್ತುಹೋಗಿದ್ದ ಒಂದು ಮಕ್ಕಳ ಕತೆಯ ಪುಸ್ತಕವನ್ನು ಮೇಲ್ವಿಚಾರಕಿ ದಬ್ಬಣದಿಂದ ತೂತು ಕೊರೆದು ಗೋಣಿ ದಾರದಲ್ಲಿ ಹೊಲಿಯುತ್ತಿದ್ದರು. ಐದನೆಯ ತರಗತಿಯ ಹುಡುಗಿಯೊಬ್ಬಳು ಪುಟ ಜಾರದಂತೆ ಎರಡೂ ಕೈಯಿಂದ ಅದುಮಿ ಹಿಡಿದು ಕೂತಿದ್ದಳು. ಹೊಲಿಗೆ ಮುಗಿಯುತ್ತಲೇ ಪುಸ್ತಕ ತನಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಕೆಳಗೆ ಅದೇ ಪುಸ್ತಕಕ್ಕಾಗಿ ಇನ್ನೂ ಮೂವರ ಹೆಸರಿತ್ತು.