ಈ ಕಾಳುಮೆಣಸು ಯಾವ ದೇಶದ್ದು?

ನವಿ ಮುಂಬೈನ ವಾಶಿಯ ಮಸಾಲಾ ಮಾರ್ಕೆಟ್‌ನಲ್ಲಿ ಕಾಳುಮೆಣಸು ಕೊಳ್ಳುವವರು ಒಂದು ಲೀಟರ್ ಅಳತೆಗೆ ಕಾಳು ತುಂಬಿ, ಮೇಲೆ ಸವರಿ, ತೂಗಿ ನೋಡುತ್ತಾರೆ. 550 ಗ್ರಾಂ ಬಂದರೆ ಗಟ್ಟಿ ಕಾಳು. ಆದರೆ ಅದು ಶಿರಸಿಯದೋ, ಶ್ರೀಲಂಕಾದ್ದೋ, ವಿಯೆಟ್ನಾಂನದ್ದೋ ಅಂತ ತಕ್ಕಡಿಗೆ ಗೊತ್ತಾಗುವುದಿಲ್ಲ. ಬಂದರಿನಲ್ಲಿ ಅದನ್ನು ಹೇಳಬೇಕಾದ್ದು ಮೂಲ ದೇಶದ ಪ್ರಮಾಣಪತ್ರ. ನಾನು ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸುವ ಕ್ಲಿಯರಿಂಗ್ ಕೆಲಸದಲ್ಲಿರುವವನು. ಮುಕ್ತ ವ್ಯಾಪಾರ ಒಪ್ಪಂದದ ಬಗ್ಗೆ ಇಷ್ಟೊಂದು ವಾದ ಮಾಡುವ ನಾವು ಈ ಕಾಗದದ ಸುದ್ದಿಗೇ ಹೋಗುವುದಿಲ್ಲ ಅನ್ನೋದು ನನ್ನ ಬೇಸರ.

ಒಪ್ಪಂದದ ಉದ್ದೇಶ ಒಳ್ಳೆಯದೇ. ಸುಂಕ ಇಳಿದರೆ ವ್ಯಾಪಾರ ಬೆಳೆಯುತ್ತದೆ, ಕಾರ್ಖಾನೆಗೆ ಕಚ್ಚಾ ಮಾಲು ಅಗ್ಗವಾಗುತ್ತದೆ, ನಮ್ಮ ಸರಕೂ ಹೊರಗೆ ಹೋಗುತ್ತದೆ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಲ್ಲಿ, ಶ್ರೀಲಂಕಾವೂ ಇರುವ ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ 2006ರಲ್ಲಿ, ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆಗಿನದು 2010ರಲ್ಲಿ ಜಾರಿಗೆ ಬಂತು.

ತೊಂದರೆ ಇರುವುದು ಸುಂಕದ ಅಂತರದಲ್ಲಿ. ಕಾಳುಮೆಣಸಿನ ಮಾಮೂಲಿ ಆಮದು ಸುಂಕ 70%. ಆಸಿಯಾನ್ ದೇಶಗಳಿಗೆ ಅದು ಇಳಿಯುತ್ತಾ 50%ಕ್ಕೆ ಬಂತು. ಶ್ರೀಲಂಕಾದ್ದಾದರೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಆಮೇಲೆ ಸಾಫ್ಟಾ ಪ್ರಕಾರ ಬರೀ 8%. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಮಾಲು ಕೊಲಂಬೊ ಸುತ್ತಿಕೊಂಡು, ಶ್ರೀಲಂಕಾದ್ದು ಅನ್ನುವ ಕಾಗದ ಹಿಡಿದು ಬಂದರೆ ಎಷ್ಟು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ. ಹಾಗೆ ಬರುತ್ತಿದೆ ಅಂತ ನಮ್ಮ ಬೆಳೆಗಾರರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಊರಲ್ಲಿ ನಮ್ಮ ಚಿಕ್ಕಪ್ಪ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಮೆಣಸು ಕೊಯ್ದು, ಅಂಗಳದಲ್ಲಿ ಒಣಗಿಸಿ, ಧಾರಣೆಗೆ ಕಾಯುತ್ತಾರೆ. ಶ್ರೀಲಂಕಾದ ರೈತನ ಜೊತೆ ಪೈಪೋಟಿ ಮಾಡು ಅಂದರೆ ಒಪ್ಪೋಣ. ಸುಳ್ಳು ಕಾಗದದ ಜೊತೆ ಮಾಡು ಅಂದರೆ ಅನ್ಯಾಯ ಅಲ್ವಾ?

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ. ಬೇಕಿತ್ತು. ಆದರೆ ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆಯುವುದು ಮೋಸ ಮಾಡುವವನಿಗೆ ಕಷ್ಟವೇನಲ್ಲ. ನನ್ನ ಪ್ರಕಾರ ದೊಡ್ಡ ಹೆಜ್ಜೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ಕ್ಯಾರೋಟಾರ್, ಅಂದರೆ ಒಪ್ಪಂದದ ಸುಂಕ ರಿಯಾಯಿತಿ ಕೇಳುವ ಸರಕಿನ ಮೂಲ ದೇಶವನ್ನು ಪರೀಕ್ಷಿಸುವ ಕಸ್ಟಮ್ಸ್ ನಿಯಮ. ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. ಸರಕು ಆ ದೇಶದ್ದೇ ಅನ್ನುವುದಕ್ಕೆ ಬೇಕಾದ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು, ಐದು ವರ್ಷ ಇಟ್ಟುಕೊಂಡಿರಬೇಕು. ಅನುಮಾನ ಬಂದರೆ ಕಸ್ಟಮ್ಸ್‌ನವರು ಕೇಳುತ್ತಾರೆ.

ಕೆಲಸ ಜಾಸ್ತಿಯಾಯಿತು ಅಂತ ನಮ್ಮ ಕಡೆಯವರೇ ಗೊಣಗುತ್ತಾರೆ. ಜಾಸ್ತಿಯಾಗಿದ್ದು ನಿಜ. ಆದರೂ ಇದನ್ನು ಸಡಿಲಿಸಬಾರದು. ಆಸಿಯಾನ್ ಒಪ್ಪಂದದ ಮರುಪರಿಶೀಲನೆಯಲ್ಲಿ ಮೂಲ ದೇಶದ ನಿಯಮ ಇನ್ನೂ ಬಿಗಿಯಾಗಲಿ. ಸಹಿ ಹಾಕುವ ಮೊದಲು ಕೊಡಗು, ಉತ್ತರ ಕನ್ನಡದ ಬೆಳೆಗಾರರನ್ನೂ ಕೂರಿಸಿಕೊಂಡು ಕೇಳಲಿ.