ಕರಿಯನ ಬೋಳು, ನನ್ನ ಬೋಳು

ಮನುಷ್ಯನ ತಲೆ ಬೋಳಾದರೆ ನಗೆಪಾಟಲು, ನಾಯಿಯ ಮೈಯೆಲ್ಲ ಬೋಳಾದರೆ ಪರಂಪರೆ. ಈ ಅನ್ಯಾಯ ನನ್ನ ಗಮನಕ್ಕೆ ಬಂದದ್ದು ಮೆಕ್ಸಿಕೊ ಸಿಟಿಯಲ್ಲಿ, ಮಗಳ ಮನೆಯಲ್ಲಿ. ಅವಳು ಸಾಕಿರುವ ನಾಯಿ ಕರಿಯ, ಶೋಲೊಇಟ್ಸ್‌ಕ್ವಿಂಟ್ಲಿ ತಳಿಯವನು. ಅಷ್ಟುದ್ದದ ಹೆಸರನ್ನು ಅಲ್ಲಿಯ ಜನರೂ ‘ಶೋಲೊ’ ಅಂತ ಚುಟುಕಾಗಿ ಮುಗಿಸುತ್ತಾರೆ. ನೆತ್ತಿಯ ಮೇಲೆ ಒಂದಿಷ್ಟು ಒರಟು ಕೂದಲು, ಬಾಲದ ತುದಿಯಲ್ಲಿ ಲೆಕ್ಕಕ್ಕೆ ನಾಲ್ಕೆಳೆ; ಮಿಕ್ಕಿದ್ದೆಲ್ಲ ಬರೀ ಚರ್ಮ. ಜುಟ್ಟಿನ ವಿಚಾರದಲ್ಲಿ ಅವನು ನನಗಿಂತ ಸ್ಥಿತಿವಂತ ಎನ್ನಿ.

ನಾವಿಬ್ಬರೂ ಒಟ್ಟಿಗಿದ್ದ ಫೋಟೊವನ್ನು ಮಗಳು ನೆಂಟರ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಬಂದ ಮೊದಲ ಮಾತು: “ತಿರುಪತಿಗೆ ಯಾವಾಗ ಹೋಗಿದ್ರಿ?” ಕೇಳಿದ್ದು ನನ್ನನ್ನೋ ಕರಿಯನನ್ನೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಕರಿಯನಿಗೆ ಇಂಥ ಮಾತು ತಾಗುವುದಿಲ್ಲ. ಅವನ ಹಿನ್ನೆಲೆ ಅಂಥದ್ದು. ಅದೇ ಊರಿನ ಚಪುಲ್ತೆಪೆಕ್‌ನ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿ ಕೊಲಿಮಾ ಸೀಮೆಯ ಗೋರಿಗಳಿಂದ ತೆಗೆದ ಮಣ್ಣಿನ ನಾಯಿಗಳಿವೆ. ಹತ್ತಿರ ಹತ್ತಿರ 2,000 ವರ್ಷ ಹಳೆಯವು, ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿವೆ. ಹದಿನಾರನೇ ಶತಮಾನದಲ್ಲಿ ಬರ್ನಾರ್ಡಿನೊ ದೆ ಸಾಹಗೂನ್ ಎಂಬ ಸ್ಪೇನಿನ ಪಾದ್ರಿ ಈ ಬೋಳು ನಾಯಿಗಳಿಗೆ ರಾತ್ರಿ ಹೊದಿಕೆ ಹೊದಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ಹೊದಿಸಿ ಮಲಗಿಸಿದ್ದನ್ನೇ ಹಬ್ಬ ಬಂದಾಗ ಅಡುಗೆಗೂ ಇಳಿಸುತ್ತಿದ್ದರು. ಆ ಭಾಗವನ್ನು ನನ್ನಾಕೆಗೆ ಇನ್ನೂ ಹೇಳಿಲ್ಲ. ಕಳೆದ ಶತಮಾನದ ನಡುವಿಗೆ ತಳಿ ಇನ್ನೇನು ಮುಗಿಯಿತು ಅನ್ನುವಾಗ, 1954ರಲ್ಲಿ ನಾರ್ಮನ್ ಪೆಲ್ಹಮ್ ರೈಟ್ ಎಂಬ ಬ್ರಿಟಿಷ್ ಲೇಖಕ ಮತ್ತು ಸಂಗಡಿಗರು ಒಳನಾಡಿನ ಹಳ್ಳಿಗಳನ್ನು ಸುತ್ತಿ ಒಳ್ಳೆಯ ನಾಯಿಗಳನ್ನು ಹುಡುಕಿ ತಂದು ವಂಶ ಉಳಿಸಿದರು. ಬೋಳುತಲೆಯವರನ್ನು ಉಳಿಸಲು ಯಾರಾದರೂ ಹೀಗೆ ಹಳ್ಳಿ ಹಳ್ಳಿ ಅಲೆದದ್ದುಂಟೇ?

ಅವನ ಬೋಳಿಗೆ ವಿಜ್ಞಾನದ ಸರ್ಟಿಫಿಕೇಟೂ ಇದೆ. ಫಾಕ್ಸ್‌ಐ3 ಎಂಬ ಜೀನಿನ ಏರುಪೇರು ಇದಕ್ಕೆ ಕಾರಣ ಅಂತ 2008ರಲ್ಲಿ ಪತ್ತೆಯಾಯಿತು. ಅಪ್ಪ-ಅಮ್ಮ ಇಬ್ಬರ ಕಡೆಯಿಂದಲೂ ಆ ಜೀನು ಬಂದರೆ ಮರಿ ಹೊಟ್ಟೆಯಲ್ಲೇ ಉಳಿಯುವುದಿಲ್ಲ. ಹಾಗಾಗಿ ಬದುಕಿರುವ ಬೋಳು ನಾಯಿಗಳೆಲ್ಲ ಒಂದೇ ಕಡೆಯಿಂದ ಪಡೆದವು. ಬೋಳು ದಂಪತಿಗೂ ಸರಾಸರಿ ಮೂರರಲ್ಲಿ ಒಂದು ಮರಿ ಮೈತುಂಬ ಕೂದಲಿನದು ಹುಟ್ಟುತ್ತದೆ. ಕರಿಯನ ಒಡಹುಟ್ಟಿದವನೊಬ್ಬ ಹಾಗೇ ಇದ್ದಾನಂತೆ. ನನಗೂ ಒಬ್ಬ ತಮ್ಮನಿದ್ದಾನೆ, ಎಪ್ಪತ್ತು ಹತ್ತಿರವಾದರೂ ಬಾಚಣಿಗೆ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ. ಅದೇ ಜೀನು ಹಲ್ಲಿನ ಮೇಲೂ ಕೈಯಾಡಿಸುವುದರಿಂದ ಕರಿಯನಿಗೆ ದವಡೆಯಲ್ಲಿ ಕೆಲವು ಹಲ್ಲುಗಳೇ ಹುಟ್ಟಿಲ್ಲ. ನನ್ನವು ಹುಟ್ಟಿ, ಬಿದ್ದು, ಈಗ ರಾತ್ರಿ ಹೊತ್ತು ಲೋಟದಲ್ಲಿ ಮಲಗುತ್ತವೆ. ಊರಿಂದ ತಂದ ಚಕ್ಕುಲಿಯನ್ನು ನಾವಿಬ್ಬರೂ ನೋಡಿ ತೃಪ್ತಿಪಟ್ಟೆವು.

ಅನಾಹುತ ಆದದ್ದು ನರಕ ಚತುರ್ದಶಿಯ ಬೆಳಗ್ಗೆ. “ಪಾಪ, ಮಗುವಿನ ಮೈಯೆಲ್ಲ ಒಣಗಿದೆ” ಅಂತ ನನ್ನಾಕೆ ಸೌಟಿನಲ್ಲಿ ಕೊಬ್ಬರಿಎಣ್ಣೆ ಬಿಸಿಮಾಡಿ ಕರಿಯನಿಗೆ ನೆತ್ತಿಯಿಂದ ಬಾಲದವರೆಗೆ ತಿಕ್ಕಿದಳು. ಹಿಡಿಯಲು ಕೂದಲಿಲ್ಲದ, ಎಣ್ಣೆ ಹಚ್ಚಿದ ನಾಯಿಯನ್ನು ಹಿಡಿಯುವುದು ಹೇಗೆ ಅಂತ ಅಲ್ಲಿಯವರೆಗೆ ನಾವು ಯೋಚಿಸಿರಲಿಲ್ಲ. ಅವನು ಅವಳ ಕೈಯಿಂದ ಜಾರಿದ, ನನ್ನ ಕೈಯಿಂದ ಜಾರಿದ, ಮಗಳ ಬಿಳೀ ಸೋಫಾದ ಮೇಲೆ ಮಾತ್ರ ಜಾರದೆ ನಿಂತ. ಕೊನೆಗೆ ಬಚ್ಚಲಿಗೆ ಎಳೆದುಕೊಂಡು ಹೋದದ್ದಾಯಿತು. ಅಲ್ಲಿ ಇವಳು ಸೀಗೆಪುಡಿ ಕಲಸುತ್ತಿದ್ದಳು.

“ಕೂದಲೇ ಇಲ್ಲದವನಿಗೆ ಸೀಗೆಪುಡಿ ಯಾಕೇ?” ಅಂದೆ.

“ನಿಮಗೂ ಹಾಕ್ತಾ ಬಂದಿಲ್ವೇ?”

ವಾರ ಕಳೆಯುವುದರೊಳಗೆ ಕರಿಯನ ಬೆನ್ನ ತುಂಬ ಕಪ್ಪು ಚುಕ್ಕೆ, ಮೊಡವೆ. ಪಶುವೈದ್ಯೆ ಕೈ ಆಡಿಸುತ್ತಾ ಸ್ಪ್ಯಾನಿಷ್‌ನಲ್ಲಿ ತುಂಬ ಹೊತ್ತು ಮಾತಾಡಿದಳು. ಮಗಳು ಅದನ್ನೆಲ್ಲ “ಎಣ್ಣೆ ಬೇಡವಂತೆ ಅಮ್ಮ” ಅಂತ ಮೂರು ಪದಕ್ಕೆ ಇಳಿಸಿದಳು. ಹರೆಯದ ಶೋಲೊಗಳಿಗೆ ಮೊದಲೇ ಮೊಡವೆಯ ಕಾಟ. ಎಣ್ಣೆ ಬಿದ್ದರೆ ಚರ್ಮದ ರಂಧ್ರ ಮುಚ್ಚಿ ಇನ್ನಷ್ಟು ಏಳುತ್ತವೆ. ಆಗೀಗ ಸೌಮ್ಯವಾದ ಸೋಪಿನ ಸ್ನಾನ, ಜಿಡ್ಡಿಲ್ಲದ ಲೋಶನ್ ತೆಳುವಾಗಿ, ಅಷ್ಟೇ ಸಾಕು. ಬಿಸಿಲಿಗೆ ಹೋಗುವಾಗ ಮಾತ್ರ ಸನ್‌ಸ್ಕ್ರೀನ್ ತಪ್ಪಿಸುವ ಹಾಗಿಲ್ಲ. ಊರು ಇರುವುದೇ 2,240 ಮೀಟರ್ ಎತ್ತರದಲ್ಲಿ, ಬಿಸಿಲು ತಲೆಗೇ ಕುಟ್ಟುತ್ತದೆ. ನಾಯಿ ನೆಕ್ಕಿಕೊಳ್ಳುವುದರಿಂದ ಝಿಂಕ್ ಆಕ್ಸೈಡ್ ಇರುವ ಕ್ರೀಮು ಕೂಡದು. ಹಾಗಾಗಿ ಕರಿಯನದು ಬೇರೆ ಟ್ಯೂಬು, ನನ್ನದಕ್ಕಿಂತ ದುಬಾರಿ. ನಾನು ನೆಕ್ಕಿಕೊಳ್ಳುವುದಿಲ್ಲ ಅನ್ನುವುದೇ ನನ್ನ ಅಗ್ಗಕ್ಕೆ ಕಾರಣ.

ಡಿಸೆಂಬರಿನ ಚಳಿಗೆ ಇನ್ನೊಂದು ಕಥೆ. ಒಂದು ಬೆಳಗ್ಗೆ ನನ್ನ ಮಂಕಿ ಕ್ಯಾಪ್ ಎಲ್ಲೂ ಸಿಗಲಿಲ್ಲ. ಬರಿದಲೆಯಲ್ಲೇ ಪಾರ್ಕೆ ಮೆಹಿಕೊ ಎಂಬ ಉದ್ಯಾನ ತಲುಪಿದರೆ, ಎದುರಿಗೆ ಮಗಳ ಜೊತೆ ಕರಿಯ ಬರುತ್ತಿದ್ದಾನೆ. ಮುಂಗಾಲುಗಳಿಗೆ ಎರಡು ತೂತು ಕತ್ತರಿಸಿದ ನನ್ನ ಕ್ಯಾಪು ಅವನ ಮೈಗೆ ಹೊಲಿಸಿದಂತೆ ಕೂತಿದೆ. ದಾರಿಹೋಕರು ಬಗ್ಗಿ ಬಗ್ಗಿ ಅವನನ್ನು ಮುದ್ದಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆದರೂ ರಾತ್ರಿ ಅವನು ಬೇಕೇ ಬೇಕು. ಶೋಲೊ ಮುಟ್ಟಿದರೆ ಜ್ವರ ಬಂದ ಹಾಗೆ ಬಿಸಿ. ಮೈಕಾವು ಎಲ್ಲ ನಾಯಿಗಳದ್ದೇ, 38-39 ಡಿಗ್ರಿ. ನಡುವೆ ಕೂದಲಿಲ್ಲದ್ದರಿಂದ ಶಾಖ ನೇರ ನಮಗೆ. ಮಂಡಿನೋವು, ಸೊಂಟನೋವಿಗೆ ಅಲ್ಲಿಯವರು ಹಿಂದಿನಿಂದಲೂ ಈ ನಾಯಿಯನ್ನೇ ಒತ್ತಿಕೊಂಡು ಮಲಗುತ್ತಾರೆ. ನನ್ನ ಮಂಡಿಗೂ ಇವಳ ಸೊಂಟಕ್ಕೂ ನಡುವೆ ಅವನ ಪಾಳಿ ಹಂಚುವುದೇ ಮಗಳಿಗೆ ದಿನಾ ರಾತ್ರಿಯ ಪಂಚಾಯಿತಿ.

ಮೆಕ್ಸಿಕೊದ ಹಳೆಯ ಅಸ್ಟೆಕ್ ಜನರ ನಂಬಿಕೆಯ ಪ್ರಕಾರ ಸತ್ತವರನ್ನು ಮಿಕ್ಟ್ಲಾನ್ ಎಂಬ ಪರಲೋಕಕ್ಕೆ ಹೋಗುವ ದಾರಿಯಲ್ಲಿ ನದಿ ದಾಟಿಸುವುದು ನಾಯಿಯೇ. ಆದರೆ ಎಲ್ಲ ನಾಯಿಯೂ ಒಪ್ಪುವುದಿಲ್ಲ. ಬಿಳಿಯದು “ಈಗ ತಾನೇ ಮಿಂದಿದ್ದೇನೆ” ಅನ್ನುತ್ತದೆ. ಕರಿಯದು “ಈಗ ತಾನೇ ಕಪ್ಪು ಬಳಿದುಕೊಂಡಿದ್ದೇನೆ” ಅನ್ನುತ್ತದೆ. ಕೆಂಚು ನಾಯಿ ಮಾತ್ರ ನೀರಿಗಿಳಿಯುತ್ತದಂತೆ. ಇದನ್ನು ಓದಿ ಹೇಳಿದಾಗ ಕರಿಯ ನನ್ನ ಮಂಡಿಯ ಮೇಲಿಂದ ಎದ್ದು ನನ್ನಾಕೆಯ ಪಕ್ಕಕ್ಕೆ ಹೋದ.

“ಇವನನ್ನ ನೆಚ್ಚಿಕೊಂಡು ಕೂರಬೇಡಿ” ಅಂದಳು ಇವಳು. “ವೈತರಣಿ ದಾಟೋವಾಗ ಹಸುವಿನ ಬಾಲವನ್ನೇ ಹಿಡ್ಕೊಳ್ಳಿ. ಹಿಡಿಯೋಕೆ ಕೂದಲಾದ್ರೂ ಇರುತ್ತೆ.”